ಬೆನ್ನ ಹಿಂದಿನ ಕಣ್ಣು

ಪತ್ತೇದಾರಿ ಕಾದಂಬರಿ, ಗೂಢಚಾರರ ಚಲನಚಿತ್ರ ಎಂದೊಡನೆ ಮೂಗು ಮುರಿಯುವುದು ನಮ್ಮ ವಿದ್ವದ್ವಲಯದಲ್ಲಿ ಬಹುಕಾಲದಿಂದ ನಡೆದುಬಂದ ಶಿಷ್ಟಾಚಾರ. ಹಾಗೆ ಮೂಗು ಮುರಿದವರಲ್ಲಿ ಅನೇಕರು ರಾತ್ರಿ ಹನ್ನೆರಡರವರೆಗೆ ದೀಪ ಆರಿಸದೆ ಅವನ್ನು ಓದಿ ಮುಗಿಸುತ್ತಿದ್ದರೆಂಬುದೂ ಅಷ್ಟೇ ಹಳೆಯ ಸಂಗತಿ. ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಯಾವ ಬರವಣಿಗೆಯನ್ನು ನಾವು ಹೊಗಳಲಾರೆವೋ ಅದನ್ನೇ ಬಿಡಲೂ ಆರೆವೆಂದರೆ, ಅದು ನಮ್ಮೊಳಗಿನ ಯಾವುದೋ ನಿಜವಾದ ಹಸಿವಿಗೆ ಉಣಿಸುತ್ತಿರಬೇಕು. ಆ ಹಸಿವು ಯಾವುದೆಂಬುದು ಇಂದಿನ ನನ್ನ ವಿಷಯ. ಅದರಲ್ಲಿಯೂ ಈ ಜಾತಿಯ ಕಥೆಗಳಲ್ಲಿ ಒಂದು ಕವಲನ್ನು ಮಾತ್ರ ತೆಗೆದುಕೊಳ್ಳುತ್ತೇನೆ: ದೂರದಿಂದ ನೋಡುವ, ಕದ್ದು ಕೇಳುವ, ಹೆಜ್ಜೆಯ ಜಾಡನ್ನು ಬಿಡದೆ ಹಿಂಬಾಲಿಸುವ ಯಂತ್ರಗಳ ಸುತ್ತ ಹೆಣೆದ, ಉಸಿರು ಬಿಡಗೊಡದೆ ಓಡುವ ಕಥೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಒಂದೇ ರೈಲುಹಾದಿಯ ಮೇಲೆ ಸಾಲಾಗಿ ಕುಳಿತಿರುವ ಈ ಮೂರು ಊರುಗಳ ಓದುಗರನ್ನು ಕಣ್ಣ ಮುಂದಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಅದಕ್ಕೆ ಕಾರಣವುಂಟು. ಕನ್ನಡದಲ್ಲಿ ಕಾದಂಬರಿಯ ಓದುಗನೆಂಬ ಹೊಸ ಪ್ರಾಣಿಯನ್ನು ಸೃಷ್ಟಿಸಿದವರಲ್ಲಿ ಅಗ್ರಗಣ್ಯರಾದ ಗಳಗನಾಥರು (1869-1942) ಈ ಸೀಮೆಯವರು. ಹಾವೇರಿ ತಾಲೂಕಿನ ಗಳಗನಾಥ ಗ್ರಾಮದ ವೆಂಕಟೇಶ ತಿರಕೋ ಕುಲಕರ್ಣಿಯವರು ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದರು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಅವರ ಉದ್ದೇಶ ಸದ್ಬೋಧೆಯೇ ಆಗಿದ್ದರೂ ಓದುಗನನ್ನು ಪುಟದಿಂದ ಪುಟಕ್ಕೆ ಎಳೆದೊಯ್ಯಲು ಅವರು ಹಿಡಿದ ಹಗ್ಗ ‘ಮುಂದೇನಾಯಿತು’ ಎಂಬ ಕೌತುಕವೇ. ಧರ್ಮ ಬೋಧಿಸುವವರಿಗೂ ಆ ಹಗ್ಗ ಬೇಕಾಯಿತೆಂಬುದನ್ನು ಮೂಗು ಮುರಿಯುವವರು ನೆನಪಿಡಬೇಕು.

ಮುಂದೆ ಆ ಹಗ್ಗವನ್ನೇ ಸರಕಾಗಿ ಮಾರುವವರು ಬಂದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಐವತ್ತರ ದಶಕದಿಂದ ಮುಂದೆ ನೂರಾರು ಪುಸ್ತಕಗಳ ಮೂಲಕ ಕರ್ನಾಟಕದ ಮೂಲೆಮೂಲೆಗೂ ತಲುಪಿದ. ಇಂದು ನಾವು ಹಿಡಿದು ಮೆರೆಯುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ‘ಬಂಗಾರದ ಮನುಷ್ಯ’ದ ಕರ್ತೃ ಟಿ.ಕೆ. ರಾಮರಾಯರು ಸಾಮಾಜಿಕ ಕಾದಂಬರಿಗೂ ಪತ್ತೇದಾರಿಗೂ ಒಂದೇ ಲೇಖನಿಯನ್ನು ಬಳಸಿದರು. ನಾನು ಕಾಲೇಜು ಓದುತ್ತಿದ್ದ ಎಪ್ಪತ್ತರ ದಶಕದಲ್ಲಿ ಇಂಥ ಪುಸ್ತಕಗಳನ್ನು ದಿನಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಬಾಡಿಗೆ ಉಳಿಸುವ ಸಲುವಾಗಿ ಒಂದೇ ದಿನದಲ್ಲಿ ಓದಿ ಮುಗಿಸಬೇಕಿತ್ತಾದ್ದರಿಂದ, ಕಥೆಯ ವೇಗ ಎಷ್ಟರಮಟ್ಟಿಗೆ ಲೇಖಕನದು, ಎಷ್ಟರಮಟ್ಟಿಗೆ ನಮ್ಮ ಜೇಬಿನದು ಎಂದು ಹೇಳುವುದು ಕಷ್ಟ. ಕೊನೆಯ ಪುಟ ಹರಿದುಹೋಗಿ ಕೊಲೆಗಾರ ಯಾರೆಂದು ತಿಳಿಯದೆ ಉಳಿದ ಪುಸ್ತಕಗಳು ಮಾತ್ರ ನನಗೆ ಈಗಲೂ ನೆನಪಿವೆ.

ಬೆಳ್ಳಿತೆರೆಯ ಮೇಲೆ ಇದೇ ಕುತೂಹಲಕ್ಕೆ ರೂಪ ಕೊಟ್ಟವರು ದೊರೆ-ಭಗವಾನ್ ಜೋಡಿ. 1968ರಲ್ಲಿ ‘ಜೇಡರ ಬಲೆ’. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಕೊನೆಗೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಬೇಡರ ಕಣ್ಣಪ್ಪನಾಗಿ ನಾವು ಕಂಡಿದ್ದ ರಾಜಕುಮಾರರು ಇಲ್ಲಿ ಸೂಟು ತೊಟ್ಟು ಪಿಸ್ತೂಲು ಹಿಡಿದರು. ಇಂಗ್ಲಿಷಿನ ಜೇಮ್ಸ್ ಬಾಂಡನ ನೆರಳು ಇವುಗಳ ಮೇಲೆ ದಟ್ಟವಾಗಿದೆ. ಅದನ್ನು ಯಾರೂ ಮುಚ್ಚಿಡಲಿಲ್ಲ. ಆದರೆ ಎರಡು ಸಂಗತಿಗಳನ್ನು ಗಮನಿಸಿ. ಒಂದು, ‘ಜೇಡರ ಬಲೆ’ ಎಂಬ ಹೆಸರು. ಜೇಡ ಬಲೆಯ ನಡುವೆ ಅಲುಗಾಡದೆ ಕುಳಿತಿರುತ್ತದೆ; ಯಾವ ಎಳೆ ನಡುಗಿತೆಂಬುದರಿಂದ ಬಂದವರು ಯಾರು, ಎಲ್ಲಿ ಸಿಕ್ಕಿದರು ಎಂಬುದನ್ನು ಅರಿಯುತ್ತದೆ. ದೂರದಿಂದ ನಿಗಾ ಇಡುವ ವ್ಯವಸ್ಥೆಗೆ ಇದಕ್ಕಿಂತ ಒಪ್ಪುವ ರೂಪಕವನ್ನು ನಾನು ಕಂಡಿಲ್ಲ. ಇನ್ನೊಂದು, ನಾಯಕನಿಗೆ ಒಂದು ಅಂಕೆಯೇ ಬಿರುದಾಗಿರುವುದು. ನಮ್ಮ ಪುರಾಣದ ವೀರರಿಗೆ ತಂದೆಯ ಹೆಸರಿತ್ತು, ವಂಶದ ಹೆಸರಿತ್ತು. ಈ ವೀರನನ್ನು ಸರ್ಕಾರ ಸಂಖ್ಯೆಯಿಂದ ಗುರುತಿಸುತ್ತದೆ. ಅಂದು ಆ ಸಂಖ್ಯೆಯೇ ನಮಗೆ ಮೋಹಕವಾಗಿತ್ತು. ಇಂದು ನಮ್ಮೆಲ್ಲರಿಗೂ ಅಂಥ ಸಂಖ್ಯೆಗಳಿವೆ. ಆ ಮೋಹ ಹೇಗೋ ಕರಗಿದೆ.

ಈ ಕವಲಿನ ಪೂರ್ಣಪ್ರಮಾಣದ ಮಾದರಿ ಬೇಕೆಂದರೆ 1998ರ ಅಮೆರಿಕನ್ ಚಿತ್ರ ‘ಎನಿಮಿ ಆಫ್ ದಿ ಸ್ಟೇಟ್’ ಅನ್ನು ನೋಡಬೇಕು. ಟೋನಿ ಸ್ಕಾಟ್ ಅದರ ನಿರ್ದೇಶಕರು. ಸಾಧಾರಣ ವಕೀಲನೊಬ್ಬನ ಕೈಗೆ ಅವನಿಗರಿವಿಲ್ಲದೆ ಒಂದು ಕೊಲೆಯ ಚಿತ್ರಮುದ್ರಿಕೆ ಸೇರುತ್ತದೆ. ಆ ಕ್ಷಣದಿಂದ ಆಕಾಶದ ಉಪಗ್ರಹ, ಬೀದಿಯ ಕ್ಯಾಮೆರಾ, ಅವನ ಬಟ್ಟೆಬರೆ, ಕಾಲ ಬೂಟು, ಎಲ್ಲವೂ ಅವನ ಮೇಲೆ ಸಾಕ್ಷಿ ನುಡಿಯತೊಡಗುತ್ತವೆ. ಅವನಿಗೆ ನೆರವಾಗುವ ಮುದುಕನ ಪಾತ್ರದಲ್ಲಿ ಜೀನ್ ಹ್ಯಾಕ್‌ಮನ್ ಇದ್ದಾರೆ. ಇದೇ ನಟ ಇಪ್ಪತ್ತನಾಲ್ಕು ವರ್ಷ ಮೊದಲು, 1974ರಲ್ಲಿ, ಕೊಪ್ಪೊಲಾ ಅವರ ‘ದಿ ಕಾನ್ವರ್ಸೇಷನ್’ ಚಿತ್ರದಲ್ಲಿ ಪರರ ಮಾತನ್ನು ಕದ್ದು ಕೇಳುವ ವೃತ್ತಿಯವನಾಗಿ ನಟಿಸಿದ್ದರು. ಅದು ನಿಧಾನದ ಚಿತ್ರ. ಅದರ ಕೊನೆಯಲ್ಲಿ ಕದ್ದು ಕೇಳುವವನು, ತನ್ನ ಮನೆಯಲ್ಲಿಯೂ ಯಾರೋ ಯಂತ್ರ ಅಡಗಿಸಿದ್ದಾರೆಂಬ ಶಂಕೆಯಿಂದ ನೆಲದ ಹಲಗೆಗಳನ್ನು ಸಹ ಕಿತ್ತು ಹುಡುಕಿ, ಏನೂ ಸಿಗದೆ, ಹಾಳು ಕೋಣೆಯಲ್ಲಿ ಕುಳಿತು ವಾದ್ಯ ಊದುತ್ತಾನೆ. ವಿಷಯ ಒಂದೇ. ಒಂದು ನಮ್ಮನ್ನು ಕುರ್ಚಿಯ ತುದಿಗೆ ತರುತ್ತದೆ, ಇನ್ನೊಂದು ಮನೆಗೆ ಹೋದ ಮೇಲೂ ಗೋಡೆಯ ಕಡೆ ನೋಡುವಂತೆ ಮಾಡುತ್ತದೆ. ವಿಮರ್ಶಕರು ಎರಡನೆಯದನ್ನು ಮೆಚ್ಚಿದರು. ಜನ ಮೊದಲನೆಯದನ್ನು ಮತ್ತೆ ಮತ್ತೆ ನೋಡಿದರು.

ಏಕೆ? ನಮ್ಮ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ ಎಂದು ನನಗನ್ನಿಸುತ್ತದೆ. ಭರತಮುನಿ ಹೇಳಿದ ಮೂವತ್ತಮೂರು ವ್ಯಭಿಚಾರಿ ಭಾವಗಳಲ್ಲಿ ಶಂಕೆ, ತ್ರಾಸ, ಆವೇಗ, ಔತ್ಸುಕ್ಯ, ವಿತರ್ಕ ಇವೆ. ಒಳಗಿನ ಭಾವವನ್ನು ಮುಖದ ಮೇಲೆ ತೋರಗೊಡದೆ ಮರೆಮಾಚುವ ಅವಹಿತ್ಥವೂ ಇದೆ. ಅವಹಿತ್ಥವಿಲ್ಲದೆ ಗೂಢಚಾರನಿಲ್ಲ. ಇವೆಲ್ಲ ಸ್ಥಾಯಿಭಾವದ ಕಡಲಿನಲ್ಲಿ ಎದ್ದು ಅಡಗುವ ಅಲೆಗಳು. ರೋಚಕ ಕಥೆ ಮಾಡುವ ಚಮತ್ಕಾರವೆಂದರೆ ಕಡಲನ್ನು ಹಿಂದಕ್ಕೆ ಸರಿಸಿ ಅಲೆಗಳನ್ನಷ್ಟೇ ಉಣಬಡಿಸುವುದು. ಶಂಕೆ ಆವೇಗವಾಗುತ್ತದೆ, ಆವೇಗ ತ್ರಾಸವಾಗುತ್ತದೆ, ತ್ರಾಸ ತೀರುವ ಮೊದಲೇ ಇನ್ನೊಂದು ಶಂಕೆ ಹುಟ್ಟುತ್ತದೆ. ರಸ ನೆಲೆ ನಿಲ್ಲುವುದಕ್ಕೆ ಬೇಕಾದ ಬಿಡುವೇ ಇಲ್ಲ. ಆದ್ದರಿಂದಲೇ ಮುಂಜಾನೆ ಎದ್ದಾಗ ಕಥೆ ಮರೆತಿರುತ್ತದೆ, ಮೈಯ ಪುಳಕ ಮಾತ್ರ ಉಳಿದಿರುತ್ತದೆ. ಇದನ್ನು ನಾನು ದೋಷವೆಂದು ಹೇಳುತ್ತಿಲ್ಲ. ಮಂಡಕ್ಕಿ-ಮೆಣಸಿನಕಾಯಿಯನ್ನು ಊಟದೊಡನೆ ಹೋಲಿಸಿ ತೂಗುವವನು ಎರಡರ ರುಚಿಯನ್ನೂ ಕೆಡಿಸಿಕೊಳ್ಳುತ್ತಾನೆ.

ವೇಗ ಮತ್ತು ನಿಗಾ ಇವೆರಡನ್ನು ಹೊಂದಿಸಿಯೂ ಕಡಲನ್ನು ಬಿಟ್ಟುಕೊಡದ ಕೃತಿ ಭಾರತೀಯ ಸಾಹಿತ್ಯದಲ್ಲಿ ಇದೆ. ಅದು ವಿಶಾಖದತ್ತನ ‘ಮುದ್ರಾರಾಕ್ಷಸ’. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’ದಿಂದಾಗಿ ಈ ಕಥೆ ಕನ್ನಡ ಗದ್ಯದ ಮೊದಲ ಹೆಜ್ಜೆಗಳೊಡನೆಯೇ ನಮ್ಮದಾಗಿದೆ. ಹೊಸಗನ್ನಡ ಗದ್ಯ ಕಣ್ಣು ತೆರೆದದ್ದೇ ಬೇಹುಗಾರಿಕೆಯ ಕಥೆಯೊಂದರಲ್ಲಿ ಎಂಬುದು ಯೋಚಿಸತಕ್ಕ ಮಾತು. ತರಗತಿಯಲ್ಲಿ ಸಂಧಿ-ಸಮಾಸಗಳಿಗೆ ಆಕಳಿಸುತ್ತಿದ್ದ ಹುಡುಗರು, ಈ ಕಥೆಯಲ್ಲಿ ಉಂಗುರ ಉರುಳುವ ಸನ್ನಿವೇಶ ಬಂದೊಡನೆ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳುತ್ತಿದ್ದುದನ್ನು ವರ್ಷ ವರ್ಷವೂ ಕಂಡಿದ್ದೇನೆ.

ಆ ಸನ್ನಿವೇಶ ಹೀಗೆ. ನಂದರು ನಾಶವಾಗಿದ್ದಾರೆ. ಚಾಣಕ್ಯ ಚಂದ್ರಗುಪ್ತನನ್ನು ಪಟ್ಟಕ್ಕೇರಿಸಿದ್ದಾನೆ. ನಂದರ ನಿಷ್ಠಾವಂತ ಮಂತ್ರಿ ರಾಕ್ಷಸ ಹೆಂಡತಿ-ಮಕ್ಕಳನ್ನು ಗೆಳೆಯನಾದ ರತ್ನಪಡಿ ವ್ಯಾಪಾರಿ ಚಂದನದಾಸನ ಮನೆಯಲ್ಲಿ ಅಡಗಿಸಿಟ್ಟು ಊರು ಬಿಟ್ಟಿದ್ದಾನೆ. ಚಾಣಕ್ಯನ ಚಾರ ನಿಪುಣಕ ಯಮಪಟವನ್ನು ಹರಡಿ ಹಾಡುತ್ತ ಮನೆಮನೆ ತಿರುಗುತ್ತಾನೆ. ಚಂದನದಾಸನ ಮನೆಯಲ್ಲಿ ಹಾಡು ಕೇಳಿ ಐದು ವರ್ಷದ ಹುಡುಗನೊಬ್ಬ ಹೊರಗೆ ಓಡಿ ಬರುತ್ತಾನೆ. ಒಳಗಿನಿಂದ ಹೆಂಗಸರ ಗಾಬರಿಯ ದನಿ. ಒಂದು ಕೈ ಬಾಗಿಲ ಸಂದಿನಿಂದ ಚಾಚಿ ಮಗುವನ್ನು ಒಳಗೆಳೆದುಕೊಳ್ಳುತ್ತದೆ. ಗಂಡಸಿನ ಬೆರಳಿಗೆಂದು ಮಾಡಿದ ಉಂಗುರ ಆ ಕೈಗೆ ಸಡಿಲ; ಜಾರಿ, ಹೊಸ್ತಿಲು ದಾಟಿ ಉರುಳಿ, ನಿಪುಣಕನ ಕಾಲ ಬಳಿ ಬಂದು ನಿಲ್ಲುತ್ತದೆ. ಅದರ ಮೇಲೆ ರಾಕ್ಷಸನ ಹೆಸರಿದೆ. ಅಷ್ಟೇ ಸಾಕು. ರಾಕ್ಷಸನ ಗೆಳೆಯ ಶಕಟದಾಸನ ಕೈಯಿಂದಲೇ, ಅವನಿಗೆ ಅರ್ಥ ತಿಳಿಯದಂತೆ, ವಿಳಾಸವಿಲ್ಲದ ಒಂದು ಪತ್ರವನ್ನು ಬರೆಯಿಸಿ ಚಾಣಕ್ಯ ಅದಕ್ಕೆ ಆ ಮುದ್ರೆಯನ್ನೊತ್ತುತ್ತಾನೆ. ಮುಂದೆ ಆ ಮುದ್ರೆಯೇ ರಾಕ್ಷಸನನ್ನು ಅವನ ಒಡನಾಡಿ ಮಲಯಕೇತುವಿನಿಂದ ದೂರಮಾಡಿ ಒಂಟಿಯಾಗಿಸುತ್ತದೆ. ಮೊಬೈಲಿಗೆ ಬಂದ ಓ.ಟಿ.ಪಿ. ಅಂಕೆಯನ್ನು ಪರರಿಗೆ ಹೇಳಿ ಬ್ಯಾಂಕಿನ ಹಣ ಕಳೆದುಕೊಂಡವರಿಗೆ ಈ ಮುದ್ರೆಯ ಕಥೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ನಾಟಕದಲ್ಲಿ ನಾನು ಇನ್ನೂ ಹೆಚ್ಚು ಮೆಚ್ಚುವುದು ಇರುವೆಗಳ ಪ್ರಸಂಗವನ್ನು. ಚಂದ್ರಗುಪ್ತನ ಮಲಗುವ ಮನೆಯ ಗೋಡೆಯೊಳಗಿನ ಸುರಂಗದಲ್ಲಿ ರಾಕ್ಷಸನ ಕಡೆಯ ಕೊಲೆಗಾರರು ಅವಿತಿದ್ದಾರೆ. ರಾಜ ಒಳಗೆ ಬರುವ ಮೊದಲು ಚಾಣಕ್ಯ ಕೋಣೆಯನ್ನು ಒಮ್ಮೆ ನೋಡುತ್ತಾನೆ. ಗೋಡೆಯ ಬಿರುಕಿನಿಂದ ಇರುವೆಗಳ ಸಾಲು ಹೊರಬರುತ್ತಿದೆ; ಅವುಗಳ ಬಾಯಲ್ಲಿ ಅನ್ನದ ಅಗುಳಿನ ತುಣುಕು. ಅನ್ನವಿದ್ದರೆ ಉಣ್ಣುವವರಿದ್ದಾರೆ. ಸುರಂಗಕ್ಕೆ ಬೆಂಕಿ ಬೀಳುತ್ತದೆ. ಯಾವ ಉಪಗ್ರಹವೂ ಇಲ್ಲದೆ, ಇರುವೆಯನ್ನೇ ಉಪಕರಣವಾಗಿಸಿಕೊಂಡ ಈ ದೃಷ್ಟಿಯ ಮುಂದೆ ಸಿನಿಮಾದ ಮಿನುಗುವ ದೀಪಗಳು ಮಂಕಾಗಿ ಕಾಣುತ್ತವೆ.

ಇದಕ್ಕೆಲ್ಲ ಶಾಸ್ತ್ರದ ಬೆಂಬಲವಿದೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ ಗೂಢಪುರುಷರನ್ನು ವರ್ಗ ವರ್ಗವಾಗಿ ವಿಂಗಡಿಸುತ್ತದೆ: ಕಪಟ ಶಿಷ್ಯ, ಗೃಹಸ್ಥ, ವ್ಯಾಪಾರಿ, ತಪಸ್ವಿ, ಭಿಕ್ಷುಕಿ, ಎರಡೂ ಕಡೆಯಿಂದ ಸಂಬಳ ಪಡೆಯುವ ಉಭಯವೇತನ. ಚಾರರು ಒಬ್ಬರನ್ನೊಬ್ಬರು ಅರಿಯಬಾರದೆಂಬ ನಿಯಮವೂ ಅಲ್ಲಿದೆ. ಅದನ್ನು ವಿಶಾಖದತ್ತ ಎಷ್ಟು ಸೊಗಸಾಗಿ ಬಳಸಿದ್ದಾನೆಂದರೆ, ನಿಪುಣಕ ಬಂದು ‘ಜೀವಸಿದ್ಧಿ ಎಂಬ ಕ್ಷಪಣಕ ನಮ್ಮ ಶತ್ರು’ ಎಂದು ವರದಿ ಒಪ್ಪಿಸುತ್ತಾನೆ. ಚಾಣಕ್ಯ ಮನಸ್ಸಿನಲ್ಲೇ ನಗುತ್ತಾನೆ, ಏಕೆಂದರೆ ಜೀವಸಿದ್ಧಿಯೂ ಅವನ ಚಾರನೇ.

ಇಲ್ಲಿಯೇ ನನಗೆ ಹಳೆಯದಕ್ಕೂ ಹೊಸದಕ್ಕೂ ಇರುವ ಮುಖ್ಯ ಭೇದ ಕಾಣುತ್ತದೆ. ರಾಜನನ್ನು ಚಾರಚಕ್ಷು ಎನ್ನುತ್ತಾರೆ. ಚಾರರೇ ಅವನ ಕಣ್ಣು. ಆದರೆ ಆ ಕಣ್ಣಿಗೆ ಒಂದು ಮುಖವಿರುತ್ತಿತ್ತು. ಅದಕ್ಕೆ ಹಸಿವಾಗುತ್ತಿತ್ತು, ಭಯವಾಗುತ್ತಿತ್ತು. ಅದನ್ನು ಕೊಳ್ಳಬಹುದಿತ್ತು, ಕೆಲವೊಮ್ಮೆ ಅದಕ್ಕೆ ಮರುಕವೂ ಹುಟ್ಟಬಹುದಿತ್ತು. ಇಷ್ಟೆಲ್ಲ ಕಣ್ಣುಗಳ ನಡುವೆಯೂ ಚಂದನದಾಸ ಗೆಳೆಯನ ಸಂಸಾರವನ್ನು ತೋರಿಸಿಕೊಡದೆ ಶೂಲಕ್ಕೆ ನಡೆಯುತ್ತಾನೆ. ಅವನನ್ನುಳಿಸಲು ರಾಕ್ಷಸ ತಾನಾಗಿ ಬಂದು ಸೆರೆಯಾಗುತ್ತಾನೆ. ಚಾಣಕ್ಯನ ಗೆಲುವು ನಿಂತಿರುವುದು ಈ ಗೆಳೆತನದ ಮೇಲೆ. ಯಂತ್ರಯುಗದ ಕಥೆಯಲ್ಲಿ ನೋಡುವ ಕಣ್ಣಿಗೆ ಮುಖವಿಲ್ಲ. ಹಾಗಾಗಿ ಅಲ್ಲಿ ಮುಖವಿರುವುದು ಓಡುವವನೊಬ್ಬನಿಗೇ. ನಾವು ಅವನ ಪಕ್ಷ ವಹಿಸುವುದು ಅವನ ಗುಣಕ್ಕಲ್ಲ. ಆ ಇಡೀ ಚಿತ್ರದಲ್ಲಿ ಬೆವರುವ ಪ್ರಾಣಿ ಅವನೊಬ್ಬನೇ ಎಂಬ ಕಾರಣಕ್ಕೆ.

ಇನ್ನು ನಮ್ಮ ಮೂರು ಊರುಗಳಿಗೆ ಬರೋಣ. ಕನ್ನಡದಲ್ಲಿ ಈಗ ‘ಕಣ್ಗಾವಲು’ ಎಂಬ ಮಾತು ಬಳಕೆಗೆ ಬಂದಿದೆ. ಒಳ್ಳೆಯ ಶಬ್ದ. ‘ಕಾಯು’ ಎಂಬ ಧಾತುವಿನಲ್ಲಿ ರಕ್ಷಿಸುವುದೂ ಇದೆ, ಹೊಂಚುವುದೂ ಇದೆ. ಹೊಲ ಕಾಯುವವನು, ದಾರಿ ಕಾಯುವವನು ಇಬ್ಬರೂ ಕಾಯುವವರೇ. ಸಣ್ಣ ಊರಿನ ಬದುಕು ಈ ಎರಡು ಅರ್ಥಗಳ ನಡುವೆ ನಡೆಯುತ್ತದೆ. ರಾಣೆಬೆನ್ನೂರಿನಲ್ಲಿ ಹುಡುಗನೊಬ್ಬ ಮಧ್ಯಾಹ್ನದ ಆಟಕ್ಕೆ ಟಿಕೇಟು ತೆಗೆದುಕೊಂಡರೆ, ಚಿತ್ರ ಮುಗಿಯುವ ಮೊದಲೇ ಸುದ್ದಿ ಅವನ ತಂದೆಯ ಅಂಗಡಿ ಮುಟ್ಟುತ್ತಿತ್ತು. ‘ಯಾರ ಮಗನೋ ತಮ್ಮಾ ನೀನು?’ ಎಂದು ಕಟ್ಟೆಯ ಮೇಲಿನ ಹಿರಿಯರು ಕೇಳುವ ಪ್ರಶ್ನೆಯಲ್ಲಿ ವಾತ್ಸಲ್ಯವೆಷ್ಟು, ತನಿಖೆಯೆಷ್ಟು ಎಂದು ಬೇರ್ಪಡಿಸಿ ಹೇಳಲು ಬರುವಂತಿಲ್ಲ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಅಡಗಿ ಕೂತವನನ್ನು ಹಿಡಿಯಲು ಯಂತ್ರವೇ ಬೇಡ. ಘಾಟಿಗೆ ಅವನೇ ಕೆಮ್ಮಿ ಹೊರಬರುತ್ತಾನೆ. ದೂರವಾಣಿ ಅಪರೂಪವಾಗಿದ್ದ ಕಾಲದಲ್ಲಿ ಟ್ರಂಕ್ ಕಾಲ್ ಮಾಡಲು ಅಂಚೆಕಚೇರಿಗೆ ಹೋಗಬೇಕಿತ್ತು. ಕೂಗಿ ಮಾತನಾಡದಿದ್ದರೆ ಆ ತುದಿಗೆ ಕೇಳದು. ಕೂಗಿದರೆ ಸರದಿಯಲ್ಲಿ ನಿಂತವರಿಗೆಲ್ಲ ಕೇಳುವುದು. ಹುಡುಗಿ ಒಪ್ಪಿಗೆಯಾದದ್ದು, ಹತ್ತಿಯ ಧಾರಣೆ ಕುಸಿದದ್ದು, ಮುದುಕರು ತೀರಿಕೊಂಡದ್ದು, ಎಲ್ಲವೂ ಬಹಿರಂಗ.

ಇಂಥ ಊರಿನವರು ಗುಟ್ಟು ಕಾಯುವ ಉಪಾಯಗಳನ್ನೂ ಕಂಡುಕೊಂಡಿದ್ದರು. ಉತ್ತರ ಕರ್ನಾಟಕದ ದನದ ಸಂತೆಯಲ್ಲಿ ದಲ್ಲಾಳಿ ಮತ್ತು ಗಿರಾಕಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೀವು ನೋಡಿರಬಹುದು. ಸುತ್ತ ನೂರು ಜನ; ಇಬ್ಬರ ಮುಖವೂ ಕಲ್ಲು; ಬಟ್ಟೆಯ ಕೆಳಗೆ ಐದು ಬೆರಳು ಸಾವಿರಗಳನ್ನು ಏರಿಸಿ ಇಳಿಸುತ್ತವೆ. ಭರತಮುನಿಯ ಅವಹಿತ್ಥಕ್ಕೆ ಇದಕ್ಕಿಂತ ಜೀವಂತ ಉದಾಹರಣೆಯನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ.

ಆದ್ದರಿಂದ, ಯಾರೋ ನಮ್ಮನ್ನು ಸದಾ ನೋಡುತ್ತಿದ್ದಾರೆಂಬ ಕಥಾವಸ್ತು ಮಹಾನಗರದವರಿಗೆ ಹೊಸ ಭಯವಾಗಿರಬಹುದು. ನಮಗೆ ಅದು ಹುಟ್ಟಿನಿಂದ ಬಂದ ಹವಾಮಾನ. ಯಂತ್ರ ಇಲ್ಲಿ ನೆಪ. ಹತ್ತಾರು ಕಣ್ಣುಗಳ ನಡುವೆ ನಿಧಾನವಾಗಿ, ತಲೆ ತಗ್ಗಿಸಿ ನಡೆಯುವುದನ್ನು ಕಲಿತ ಓದುಗ, ಅದೇ ಕಣ್ಣುಗಳ ನಡುವೆ ಒಬ್ಬನು ತಲೆಯೆತ್ತಿ ಓಡುವುದನ್ನು ನೋಡುತ್ತಾನೆ. ಓಡುವಷ್ಟು ಹೊತ್ತು ಅವನನ್ನು ಯಾರೂ ‘ಇಂಥವನ ಮಗ’ ಎಂದು ಹಿಡಿದು ನಿಲ್ಲಿಸಲಾರರು. ಅಡಗುವ ಸ್ಥಳವಿಲ್ಲದವನಿಗೆ ವೇಗವೇ ಅಡಗುದಾಣ. ರೋಚಕ ಕಥೆಗೆ ವೇಗ ಏಕೆ ಬೇಕೆಂಬುದಕ್ಕೆ ನನಗೆ ಹೊಳೆದಿರುವ ಉತ್ತರ ಇದು. ಕೊನೆಯ ಘಟ್ಟದಲ್ಲಿ ಅಟ್ಟಿಸಿಕೊಂಡವನೇ ತಿರುಗಿ ಅಟ್ಟಿದವನ ಗುಟ್ಟನ್ನು ಬಯಲಿಗೆಳೆಯುತ್ತಾನಷ್ಟೆ. ಆಗ ಚಿತ್ರಮಂದಿರದಲ್ಲಿ ಏಳುತ್ತಿದ್ದ ಸಿಳ್ಳೆಯಲ್ಲಿ, ಒಮ್ಮೆಯಾದರೂ ಕಟ್ಟೆಯ ಕಡೆಗೆ ತಿರುಗಿ ನೋಡಿದ ತೃಪ್ತಿಯೂ ಸೇರಿತ್ತು.

ಆದರೆ ಈ ಸುಖದಲ್ಲಿ ನನಗೆ ಒಂದು ಕಸಿವಿಸಿ ಇದೆ. ಕಥೆ ಯಾರ ಕಣ್ಣಿನಿಂದ ನೋಡಿಸುತ್ತದೆ ಎಂಬುದನ್ನು ವೇಗ ಮರೆಯಿಸುತ್ತದೆ. ಬೆರಳಚ್ಚನ್ನು ತೆಗೆದುಕೊಳ್ಳಿ. ಪತ್ತೇದಾರಿ ಕಾದಂಬರಿಯ ಆ ಪ್ರಿಯವಾದ ಉಪಕರಣ ಪದ್ಧತಿಯಾಗಿ ರೂಪುಗೊಂಡದ್ದು ನಮ್ಮ ದೇಶದಲ್ಲಿಯೇ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚಿನ ಕಚೇರಿ ತೆರೆಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಭಾರತೀಯರು ಅದರ ವರ್ಗೀಕರಣಕ್ಕೆ ದುಡಿದರು. ಆ ಕಾಲದಲ್ಲಿಯೇ ಸರ್ಕಾರ ಇಡೀ ಜನಾಂಗಗಳನ್ನು ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾನೂನನ್ನೂ ನಡೆಸುತ್ತಿತ್ತು. 1871ರಲ್ಲಿ ಆರಂಭವಾದ ಅಪರಾಧಿ ಬುಡಕಟ್ಟುಗಳ ಕಾಯಿದೆ ಮುಂದೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ನಮ್ಮ ಸೀಮೆಗೆ ಹತ್ತಿರದ ಹುಬ್ಬಳ್ಳಿಯಲ್ಲಿ ಅಂಥವರನ್ನು ಕೂಡಿಹಾಕುವ ವಸಾಹತು ಇತ್ತು. ‘ಸೆಟ್ಲಮೆಂಟ್’ ಎಂಬ ಹೆಸರು ಆ ಭಾಗಕ್ಕೆ ಅಂಟಿಕೊಂಡಿತು. ಹಾಜರಿ ಕೊಡಬೇಕು, ಪರವಾನಗಿಯಿಲ್ಲದೆ ಹೊರಗೆ ಹೋಗಬಾರದು. ಆ ಕಾಯಿದೆ ರದ್ದಾದದ್ದು 1952ರಲ್ಲಿ. ನಮ್ಮ ಪತ್ತೇದಾರಿ ಕಾದಂಬರಿ ಹುಲುಸಾಗಿ ಬೆಳೆಯತೊಡಗಿದ್ದೂ ಅದೇ ದಶಕದಲ್ಲಿ. ಅತ್ಯಂತ ಹೆಚ್ಚು ಕಾಲ, ಅತ್ಯಂತ ಹತ್ತಿರದಿಂದ ಕಣ್ಗಾವಲಿನಲ್ಲಿ ಬಾಳಿದ ಆ ಜನರಲ್ಲೊಬ್ಬ ನಾಯಕನಾದ ಪತ್ತೇದಾರಿ ಕಾದಂಬರಿಯನ್ನು ನಾನು ಇದುವರೆಗೆ ಓದಿಲ್ಲ. ಕತ್ತಲಲ್ಲಿ ಕಂಡ ಅಪರಿಚಿತ, ಸಂಶಯಿತ, ಕೊನೆಗೊಮ್ಮೆ ಅಪರಾಧಿ, ಇಷ್ಟೇ ಅಲ್ಲಿ ಅವರಿಗೆ ಮೀಸಲಾದ ಪಾತ್ರ.

ಓಡುವವನ ಕಥೆ ನಮ್ಮ ನೆಲದಲ್ಲಿ ನಿಜವಾಗಿಯೇ ನಡೆದದ್ದುಂಟು. ಈಗಿನ ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ತಂಡದಲ್ಲಿದ್ದ ಏಕೈಕ ಕನ್ನಡಿಗ. ಆಗ ಅವರಿಗೆ ಇಪ್ಪತ್ತು ತುಂಬಿರಲಿಲ್ಲ. 1942ರ ಚಳವಳಿಯಲ್ಲಿ ಅವರು ಭೂಗತರಾದರು. ಅಂದಿನ ಸರ್ಕಾರದ ನರಮಂಡಲವೆಂದರೆ ತಂತಿ, ಅಂಚೆ, ಚಾವಡಿಯ ದಫ್ತರ, ಪೊಲೀಸ್ ಪಾಟೀಲನ ವರದಿ. ಧಾರವಾಡ ಸೀಮೆಯ ಭೂಗತರು ತಂತಿ ಕಡಿದರು, ದಫ್ತರ ಸುಟ್ಟರು. ಎಂದರೆ ಸರ್ಕಾರದ ಕಣ್ಣು-ಕಿವಿಗಳಿಗೇ ಕೈ ಹಾಕಿದರು. ಸಿನಿಮಾದಲ್ಲಾದರೆ ಇಂಥ ಕಥೆ ಗೆಲುವಿನಲ್ಲಿ ಮುಗಿಯುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಕಂದಾಯದ ಹಣ ಇಟ್ಟಿದ್ದ ವೀರಭದ್ರ ದೇವಾಲಯದ ಮೇಲೆ ದಾಳಿ ಮಾಡಿದಾಗ, ಮಹಾದೇವಪ್ಪನವರೂ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಾತಿಗಳೂ ಕಾವಲಿನವರ ಗುಂಡಿಗೆ ಬಲಿಯಾದರು. ಅವರನ್ನು ಅಷ್ಟು ತಿಂಗಳು ಹಿಡಿಯಲಾಗದೆ ಹೋದದ್ದಕ್ಕೆ ಅವರ ಕಾಲಿನ ವೇಗವೊಂದೇ ಕಾರಣವಾಗಿರಲಾರದು. ಕಂಡವರು ಕಂಡೆವೆಂದು ಹೇಳಲಿಲ್ಲ. ಹಳ್ಳಿಹಳ್ಳ್ಳಿಯಲ್ಲಿ ಹೆಸರಿಲ್ಲದ ಚಂದನದಾಸರಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಕದ್ದು ಕೇಳುವುದು ನಿಲ್ಲಲಿಲ್ಲ. 1988ರ ಆಗಸ್ಟಿನಲ್ಲಿ, ದೂರವಾಣಿ ಕದ್ದಾಲಿಕೆಯ ಆರೋಪದ ಬಿರುಗಾಳಿಯಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಅಂದು ಆಧಾರವಾಗಿದ್ದ ಕಾನೂನು 1885ರ ತಂತಿ ಕಾಯಿದೆ. ಮಹಾದೇವಪ್ಪನವರ ಕಾಲದಲ್ಲಿಯೂ ಜಾರಿಯಲ್ಲಿದ್ದುದು ಅದೇ. ಅದಕ್ಕೆ ಒಂದಿಷ್ಟು ಕಟ್ಟುಪಾಡುಗಳನ್ನು ಸರ್ವೋಚ್ಚ ನ್ಯಾಯಾಲಯ ವಿಧಿಸಿದ್ದು 1996ರ ಡಿಸೆಂಬರಿನಲ್ಲಿ. ಆಮೇಲೆ 2012ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಅದೇ ನ್ಯಾಯಾಲಯದ ಬಾಗಿಲು ತಟ್ಟಿದರು. ಆ ದಾವೆಯಿಂದ ಹುಟ್ಟಿದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ಉತ್ತರ ಕೊಟ್ಟಿತು: ಖಾಸಗಿತನ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಐದು ವರ್ಷ ನಡೆದ ಆ ವಿಚಾರಣೆಯಲ್ಲಿ ಕಾರುಗಳು ಒಂದನ್ನೊಂದು ಬೆನ್ನಟ್ಟಲಿಲ್ಲ, ಯಾರೂ ಮಹಡಿಯಿಂದ ಮಹಡಿಗೆ ಹಾರಲಿಲ್ಲ. ಫೈಲುಗಳು, ಮುಂದೂಡಿಕೆಗಳು, ಕನ್ನಡಕ ಸರಿಪಡಿಸಿಕೊಳ್ಳುವ ವಯೋವೃದ್ಧರು. ಬೆನ್ನ ಹಿಂದಿನ ಕಣ್ಣನ್ನು ಎದುರಿಸುವ ಕೆಲಸ ನಿಜಜೀವನದಲ್ಲಿ ಬಹುಮಟ್ಟಿಗೆ ಇಂಥದೇ. ಇದನ್ನು ಚಿತ್ರ ಮಾಡಲು ಯಾವ ನಿರ್ಮಾಪಕನೂ ಮುಂದೆ ಬಂದದ್ದು ನನಗೆ ತಿಳಿಯದು. ಬಂದರೆ ಟಿಕೇಟು ಕೊಳ್ಳುವವರಲ್ಲಿ ನಾನೊಬ್ಬ ಇರುತ್ತೇನೆ, ನನ್ನ ಅಕ್ಕಪಕ್ಕದ ಕುರ್ಚಿಗಳ ಬಗ್ಗೆ ಭರವಸೆ ಕೊಡಲಾರೆ.

ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಹೆಸರಿನೊಡನೆ ಬೆಸೆದುಕೊಂಡಿರುವ ಕನಕದಾಸರ ಬಗ್ಗೆ ಒಂದು ಐತಿಹ್ಯವನ್ನು ಎಲ್ಲರೂ ಬಲ್ಲಿರಿ. ವ್ಯಾಸರಾಯರು ಶಿಷ್ಯರಿಗೆಲ್ಲ ಒಂದೊಂದು ಬಾಳೆಹಣ್ಣು ಕೊಟ್ಟು, ಯಾರೂ ನೋಡದ ಸ್ಥಳದಲ್ಲಿ ತಿಂದು ಬನ್ನಿರೆಂದರು. ಕನಕರೊಬ್ಬರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು. ದೇವರು ನೋಡದ ಸ್ಥಳ ಅವರಿಗೆ ಸಿಗಲಿಲ್ಲ. ಕಥೆಯ ತಾತ್ಪರ್ಯವನ್ನು ಶಾಲೆಯಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ, ಅದು ಸರಿಯಾಗಿಯೂ ಇದೆ. ನನ್ನ ಕುತೂಹಲ ಉಳಿದ ಶಿಷ್ಯರ ಬಗ್ಗೆ. ಅವರು ಎಲ್ಲೆಲ್ಲಿಗೆ ಹೋದರು? ಈ ಕಥೆಯನ್ನು ಮಕ್ಕಳಿಗೆ ಹೇಳುವ ಅಜ್ಜಿಯರು ಆ ಭಾಗವನ್ನೇ ಬೆಳೆಸುತ್ತಿದ್ದುದನ್ನು ಗಮನಿಸಿದ್ದೇನೆ. ಒಬ್ಬ ಕಂಬಳಿ ಹೊದ್ದು ತಿಂದ. ಒಬ್ಬ ಬಣವೆಯ ಹಿಂದೆ. ಒಬ್ಬ ಹಗೇವಿನೊಳಗೆ ಇಳಿದು, ಮೇಲಿನಿಂದ ಬೆಳಕು ಬೀಳುತ್ತಿದೆಯೆಂದು ಬಾಯಿ ಮುಚ್ಚಿಸಿಕೊಂಡು. ಮಕ್ಕಳು ಕಣ್ಣರಳಿಸಿ ‘ಆಮೇಲೆ ಯಾರಾದ್ರೂ ನೋಡಿದ್ರೇನು ಅಜ್ಜಿ?’ ಎಂದು ಕೇಳುತ್ತಿದ್ದುದು ಈ ಶಿಷ್ಯರ ವಿಷಯವಾಗಿಯೇ. ಕನಕರ ಸರದಿ ಬರುವಷ್ಟರಲ್ಲಿ ಅರ್ಧ ಮಕ್ಕಳು ನಿದ್ದೆ ಹೋಗಿರುತ್ತಿದ್ದರು. ಎಚ್ಚರವಿದ್ದ ಇನ್ನರ್ಧ, ಹಗೇವಿಗಿಂತ ಒಳ್ಳೆಯ ಜಾಗ ತಮ್ಮ ಮನೆಯಲ್ಲಿ ಯಾವುದಿದೆಯೆಂದು ಯೋಚಿಸುತ್ತಿರುತ್ತಿದ್ದರು.